ಕುಡಿಯಲು ಯೋಗ್ಯ ಎಂದು ನಾನು ಸಹಿ ಹಾಕಿದ ನೀರು

ಹೋದ ತಿಂಗಳು ಸವಳಂಗ ರಸ್ತೆಯ ಒಂದು ನೀರು ಪರೀಕ್ಷೆಯ ಲ್ಯಾಬಿಗೆ ಹೊಸದಾಗಿ ಸೇರಿದ ಮೂವರು ಹುಡುಗಿಯರು ವಿದ್ಯಾನಗರದ ನಮ್ಮ ಮನೆಗೆ ಬಂದಿದ್ದರು. ಅವರಲ್ಲೊಬ್ಬಳು ಚಹಾದ ಲೋಟ ಕೆಳಗಿಟ್ಟು ಕೇಳಿದಳು: "ಮೇಡಂ, ನಿಜ ಹೇಳಿ, ಈ ಕೆಲ್ಸದಲ್ಲಿ ಏನಿದೆ? ಬಾಟ್ಲಿ ಬರುತ್ತೆ, ಮಷಿನ್ನಿಗೆ ಇಡ್ತೀವಿ, ನಂಬರ್ ಬರುತ್ತೆ, ಪ್ರಿಂಟ್ ತೆಗೀತೀವಿ. ಅಷ್ಟೇ ಅಲ್ವಾ?"

ಅವಳಿಗೆ ಅಲ್ಲೇ ಉತ್ತರ ಕೊಡಲಿಲ್ಲ. ಮೂರು ದಶಕ ಮಾಡಿದ ಕೆಲಸವನ್ನು ಚಹಾ ಆರುವುದರೊಳಗೆ ಹೇಳಿ ಮುಗಿಸಲು ನನಗೆ ಬರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ನಾನು ಮಾಡಿದ ಎರಡು ತಪ್ಪುಗಳಿವೆ. ಎರಡನೆಯದನ್ನು ಮಾಡಿದ್ದು ಯುದ್ಧ ಮುಗಿಸಿ ಸುಧಾರಿಸಿಕೊಳ್ಳುತ್ತಿದ್ದ ಒಂದು ದೇಶದಲ್ಲಿ. ಅದನ್ನು ಒಪ್ಪಿಕೊಂಡು ತಿದ್ದಿದ್ದೇ ನನ್ನ ವೃತ್ತಿಯಲ್ಲಿ ನಾನು ಎದೆಯುಬ್ಬಿಸಿ ಹೇಳಬಹುದಾದ ಕೆಲಸ.

ನಾನು ಫರೀದಾ. ಹುಟ್ಟಿದ್ದು ಭದ್ರಾವತಿಯಲ್ಲಿ, ಬೆಳೆದದ್ದು ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಬ್ಬಾ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್. ಎಡಗಡೆ ಮನೆಯಲ್ಲಿ ತಮಿಳು, ಬಲಗಡೆ ಮನೆಯಲ್ಲಿ ತೆಲುಗು, ನಮ್ಮ ಮನೆಯಲ್ಲಿ ದಖನಿ, ಬೀದಿಗಿಳಿದರೆ ಕನ್ನಡ. ಬಿ.ಎಸ್ಸಿ. ಮುಗಿಸಿದವಳು ಅಲ್ಲೇ ಲ್ಯಾಬಿಗೆ ಸೇರಿಕೊಂಡೆ. ದಿನಾ ಬೆಳಿಗ್ಗೆ, ಕಾರ್ಖಾನೆಯ ಕೊಳೆನೀರು ಹೊಳೆಗೆ ಸೇರುವ ಜಾಗದ ಮೇಲ್ಭಾಗದಲ್ಲಿ ಒಂದು ಬಾಟಲಿ, ಕೆಳಭಾಗದಲ್ಲಿ ಒಂದು ಬಾಟಲಿ ನೀರು ತರುವುದು ನನ್ನ ಮೊದಲ ಕೆಲಸ.

ಸೇರಿದ ಮೊದಲ ಮಳೆಗಾಲದಲ್ಲೇ ಮೊದಲ ತಪ್ಪು ಮಾಡಿದೆ. ಕಾಲುದಾರಿಯೆಲ್ಲ ಕೆಸರು. ಕೆಳಗಿನ ದಡಕ್ಕೆ ಹೋಗಲು ಬೇಜಾರಾಗಿ ಎರಡೂ ಬಾಟಲಿಯನ್ನು ಒಂದೇ ಕಡೆ ತುಂಬಿಕೊಂಡು ಬಂದೆ. ನಮ್ಮ ಮುಖ್ಯಸ್ಥರಾಗಿದ್ದ ಶೇಷಗಿರಿ ರಾಯರು ಸಂಜೆ ರಿಜಿಸ್ಟರ್ ನೋಡಿದರು. ಕನ್ನಡಕ ತೆಗೆದರು.

"ಫರೀದಾ, ಹೊಳೆ ಎರಡು ಕಡೆ ಒಂದೇ ಥರ ಇರಲ್ಲಮ್ಮ."

ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಕೊಡೆ ತೆಗೆದುಕೊಂಡು ನನ್ನ ಜೊತೆ ಕೆಳಗಿನ ದಡದವರೆಗೆ ನಡೆದು ಬಂದರು. ನಾನು ಬಾಟಲಿ ತುಂಬಿಸಿಕೊಳ್ಳುವವರೆಗೆ ಕೆಸರಿನಲ್ಲೇ ನಿಂತಿದ್ದು, ವಾಪಸ್ ಬರುವಾಗ ಹೇಳಿದರು: "ಲೆಕ್ಕ ತಪ್ಪಿದ್ರೆ ಯಾರು ಬೇಕಾದ್ರೂ ತಿದ್ದಬಹುದು. ನೋಡದೇನೇ ಬರೆದಿದ್ದನ್ನ ತಿದ್ದೋಕೆ ಬೇರೆಯವರಿಗೆ ಆಗಲ್ಲ. ಅದು ಸುಳ್ಳು ಅಂತ ನಿನಗೊಬ್ಬಳಿಗೇ ಗೊತ್ತಿರುತ್ತೆ."

ರಾಯರ ಕಾಲದಲ್ಲಿ ಎಲ್ಲವೂ ಕಣ್ಣಳತೆ. ಬ್ಯೂರೆಟ್ಟಿನ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ದ್ರಾವಣ ಬಿಡುತ್ತ, ಬಣ್ಣ ತಿರುಗುವ ಕ್ಷಣಕ್ಕೆ ಉಸಿರು ಹಿಡಿದು ಕಾಯಬೇಕು. ಆಮೇಲೆ ಮೀಟರುಗಳು ಬಂದವು, ಅದಾದ ಮೇಲೆ ಕಂಪ್ಯೂಟರ್. ಹೊಸ ಯಂತ್ರಗಳನ್ನು ಹಳಿಯುವವಳಲ್ಲ ನಾನು. ನಾವು ಮೂರು ದಿನ ಮಾಡುತ್ತಿದ್ದುದನ್ನು ಅವು ಮೂರು ನಿಮಿಷದಲ್ಲಿ ಮಾಡುತ್ತವೆ. ಆದರೆ ಯಂತ್ರ ನೀವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕೇಳದೆ ಬಿಟ್ಟ ಪ್ರಶ್ನೆಯನ್ನು ಅದು ನೆನಪಿಸುವುದಿಲ್ಲ. ಇದನ್ನು ಕಲಿಯಲು ನಾನು ಸಮುದ್ರ ದಾಟಬೇಕಾಯಿತು.

ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗುತ್ತ ಬಂದಾಗ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡೆ. ವಯಸ್ಸು ನಲವತ್ತು ದಾಟಿತ್ತು. ಯುದ್ಧ ನಿಂತ ದೇಶಗಳಲ್ಲಿ ಕುಡಿಯುವ ನೀರಿನ ಕೆಲಸ ಮಾಡುವ ಒಂದು ವಿದೇಶಿ ಸಂಸ್ಥೆಗೆ ಪರೀಕ್ಷಕರು ಬೇಕಾಗಿದ್ದಾರೆಂದು ಗೊತ್ತಾಗಿ ಅರ್ಜಿ ಹಾಕಿದೆ. ಸಿಕ್ಕಿಬಿಟ್ಟಿತು. ಅಮ್ಮಿ ಅಳುತ್ತ, "ಕೈಕು ಜಾರೀ ಮಾ ಇತ್ತಾ ದೂರ್?" ಎಂದಳು, ಇಷ್ಟು ದೂರ ಯಾಕೆ ಹೋಗ್ತೀಯೆಂದು. ನನ್ನ ಗಂಡ ಅನ್ವರ್‌ಗೆ ಶಿವಮೊಗ್ಗದಲ್ಲಿ ಬ್ಯಾಟರಿ ರಿಪೇರಿ ಅಂಗಡಿ. ಅವರು ಮಾರನೆಯ ದಿನ ಸೂಟ್‌ಕೇಸಿನ ಧೂಳು ಒರೆಸುತ್ತ, "ಹೋಗಿ ಬಾ ಮಾರಾಯ್ತಿ. ಅಲ್ಲಿಯವರೂ ನೀರು ಕುಡೀಬೇಕಲ್ಲ" ಎಂದರು.

ಪಶ್ಚಿಮ ಆಫ್ರಿಕದ ಕರಾವಳಿಯ ಒಂದು ಸಣ್ಣ ದೇಶ. ಹೆಸರು ಬರೆಯುವುದಿಲ್ಲ. ಬರೆಯುವುದಿಲ್ಲವೆಂದು ಕೆಲಸಕ್ಕೆ ಸೇರುವಾಗಲೇ ಸಹಿ ಮಾಡಿಕೊಟ್ಟಿದ್ದೇನೆ. ಅಲ್ಲಿಯವರೊಂದಿಗೆ ಮಾತೆಲ್ಲ ಇಂಗ್ಲಿಷಿನಲ್ಲಿ, ಇಲ್ಲವೇ ಮಧ್ಯೆ ಒಬ್ಬರನ್ನು ಇಟ್ಟುಕೊಂಡು. ಇಲ್ಲಿ ನನ್ನ ಕನ್ನಡದಲ್ಲೇ ಹೇಳುತ್ತೇನೆ.

ಕದನ ನಿಂತು ಕೆಲವು ವರ್ಷಗಳಾಗಿದ್ದವು. ಗೋಡೆಗಳಲ್ಲಿ ಗುಂಡಿನ ತೂತು ಹಾಗೇ ಇದ್ದವು, ಆದರೆ ಎಲ್ಲಿ ನೋಡಿದರೂ ಸಿಮೆಂಟಿನ ಮಿಕ್ಸರ್ ತಿರುಗುತ್ತಿತ್ತು. ಪುನರ್ನಿರ್ಮಾಣ ಮಂತ್ರಿಯ ಕಚೇರಿಯಲ್ಲಿ ಗೋಡೆ ತುಂಬ ಒಂದು ನಕಾಶೆ. ಕೈಪಂಪು ಹಾಕಿದ ಪ್ರತಿ ಊರಿಗೂ ಒಂದು ಹಸಿರು ಗುಂಡುಪಿನ್ನು. ನೆರವು ಕೊಡುವ ದೇಶಗಳಿಂದ ಯಾರೇ ಬಂದರೂ ಅದರ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ನಾನು ಮೊದಲ ವಾರ ಅಂಥ ಒಂದು ಹಸಿರು ಪಿನ್ನಿನ ಊರಿಗೆ ಹೋದೆ. ಪಂಪು ಇತ್ತು. ಅದರ ಹಿಡಿಯಿಂದ ಪಕ್ಕದ ಮರಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಒಬ್ಬಳು ಅಜ್ಜಿ ನಗುತ್ತ, "ಇದರಲ್ಲಿ ಒಂದು ದಿನವೂ ನೀರು ಬಂದಿಲ್ಲಮ್ಮ. ಆದರೆ ಗಟ್ಟಿಯಾಗಿದೆ" ಎಂದಳು.

ಮಂತ್ರಿಗಳು ಕೆಟ್ಟವರೆಂದು ನಾನು ಹೇಳುವುದಿಲ್ಲ. ಸೇತುವೆ ಮುರಿದಿತ್ತು, ಶಾಲೆಗೆ ಸೂರಿರಲಿಲ್ಲ, ಕೋವಿ ಕೆಳಗಿಟ್ಟ ಸಾವಿರಾರು ಜನ ಕೆಲಸವಿಲ್ಲದೆ ಕೂತಿದ್ದರು. ಸೇತುವೆ ಕಟ್ಟಿದರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಮಣ್ಣಿನಲ್ಲಿ ಏನು ಇಂಗಿದೆ, ನೀರಿನಲ್ಲಿ ಏನು ಕರಗಿದೆ ಎಂಬುದು ಕಾಣುವುದಿಲ್ಲ. ಕಾಣದ್ದು ಯಾವಾಗಲೂ 'ಆಮೇಲೆ'. ಆ ದೇಶದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಅದೇ.

ನನ್ನನ್ನು ಹಾಕಿದ್ದು ಸಮುದ್ರದ ದಂಡೆಯ ಒಂದು ಮೀನುಗಾರರ ಪಟ್ಟಣಕ್ಕೆ. ಅಲ್ಲಿ ಹೊಸ ಮಾರುಕಟ್ಟೆ, ಅದರ ಪಕ್ಕದಲ್ಲೇ ಹೊಸ ಶಾಲೆ ಏಳುತ್ತಿದ್ದವು. ಎರಡಕ್ಕೂ ಒಂದೇ ಬೋರ್‌ವೆಲ್ಲಿನ ನೀರು. ಸದ್ಯಕ್ಕೆ ಕೈಪಂಪು, ಮುಂದೆ ಟ್ಯಾಂಕು ಕಟ್ಟಿ ನಲ್ಲಿ ಹಾಕುವ ಯೋಜನೆ. ಮಂತ್ರಿಯೇ ಬಂದು ಉದ್ಘಾಟಿಸುವವರಿದ್ದರು. ಅದಕ್ಕೆ ಮೊದಲು ನೀರಿಗೆ ಒಂದು ಪ್ರಮಾಣಪತ್ರ ಬೇಕಿತ್ತು.

ನನ್ನ ಪೆಟ್ಟಿಗೆಯಲ್ಲಿದ್ದ ಸಲಕರಣೆಯಿಂದ ರೋಗಾಣು, ಕೆಸರು, ಕ್ಲೋರಿನ್, ಹುಳಿ (ಅಂದರೆ ಆಮ್ಲದ ಅಂಶ) ಇಷ್ಟನ್ನು ನೋಡಬಹುದಿತ್ತು. ರೋಗಾಣು ಇರಲಿಲ್ಲ. ನೀರು ಕನ್ನಡಿಯ ಹಾಗಿತ್ತು. ಹುಳಿ ನೋಡುವ ಕಾಗದದ ಪಟ್ಟಿ ಅದ್ದಿದಾಗ ಮಾತ್ರ ಅದು ಕಿತ್ತಳೆ ಬಣ್ಣಕ್ಕೆ ತಿರುಗಿತು. ಒಳ್ಳೆಯ ನೀರಿನಲ್ಲಿ ಹಾಗೆ ಆಗಬಾರದು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅದೇ ಬಣ್ಣಗಳನ್ನು ನೋಡಿದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹೊರಗೆ ಜೀಪು ಕಾಯುತ್ತಿತ್ತು, ಸೆಕೆಗೆ ಪಟ್ಟಿಗಳು ಹಾಳಾಗಿರಬೇಕು ಅಂದುಕೊಂಡೆ. 'ಕುಡಿಯಲು ಯೋಗ್ಯ' ಎಂದು ಬರೆದು ಸಹಿ ಹಾಕಿದೆ.

ಎರಡು ತಿಂಗಳ ಮೇಲೆ ಆ ಪಟ್ಟಣದ ಆರೋಗ್ಯ ಕೇಂದ್ರದ ನರ್ಸ್ ಮರಿಯಾಮಾ ನನ್ನನ್ನು ಹುಡುಕಿಕೊಂಡು ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಯುದ್ಧದ ಕಾಲದಲ್ಲಿ ಡಾಕ್ಟರುಗಳೆಲ್ಲ ಓಡಿಹೋದಾಗ ಒಬ್ಬಳೇ ಆ ಕೇಂದ್ರವನ್ನು ನಡೆಸಿದವಳು. ಬಂದವಳು ಕೂರಲೂ ಇಲ್ಲ.

"ಮಕ್ಕಳಿಗೆ ಫಿಟ್ಸ್ ಬರ್ತಿದೆ. ಜ್ವರ ಇಲ್ಲ, ಮಲೇರಿಯಾ ಇಲ್ಲ. ಹೊಟ್ಟೆ ಹಿಡ್ಕೊಂಡು ಅಳ್ತಾವೆ, ಆಮೇಲೆ ಫಿಟ್ಸ್. ಎಲ್ಲ ಮಾರುಕಟ್ಟೆ ಹತ್ತಿರದ ಮನೆಯವು. ಜಿಲ್ಲಾ ಕಚೇರಿಗೆ ಬರೆದೆ. ನೀರು ಚೆನ್ನಾಗಿದೆ ಅಂತ ಉತ್ತರ ಬಂತು. ಅದರ ಜೊತೆ ಇದನ್ನ ಕಳಿಸಿದ್ದಾರೆ."

ಅವಳು ಮುಂದೆ ಹಿಡಿದದ್ದು ನನ್ನದೇ ವರದಿ. ಕೆಳಗೆ ನನ್ನ ಸಹಿ.

ಅವಳ ಜೊತೆ ವಾರ್ಡಿಗೆ ಹೋದೆ. ಹವಾ ಎಂಬ ನಾಲ್ಕು ವರ್ಷದ ಮಗು ಮಲಗಿತ್ತು. ಮೀನು ಮಾರುವ ಅವಳ ತಾಯಿ ಕಾದಿ ಪಕ್ಕದಲ್ಲಿ ಕೂತು ಮಗುವಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದಳು. ಅದೇ ಪಂಪಿನ ನೀರು. "ಗುಡ್ಡದ ಹಳೇ ಬಾವಿ ನೀರಿಗಿಂತ ಈ ನೀರೇ ಒಳ್ಳೇದು ಅಂತ ನಾನೇ ಹೇಳಿದ್ದೆ" ಎಂದಳು ಮರಿಯಾಮಾ ಮೆಲ್ಲಗೆ. "ನಿಮ್ಮ ಕಾಗದ ನೋಡಿ."

ಕಾದಿಯ ಮನೆಗೆ ಹೋದೆವು. ಪಂಪಿನಿಂದ ಕೂಗಳತೆಯ ದೂರ. ಹಿತ್ತಲಲ್ಲಿ ಅವಳ ಗಂಡ ಬಕಾರಿ ಒಲೆ ಹೂಡಿ ಬೂದು ಬಣ್ಣದ ಲೋಹ ಕರಗಿಸುತ್ತಿದ್ದ. ಮೀನಿನ ಬಲೆ ಮುಳುಗಲು ಅಂಚಿಗೆ ಕಟ್ಟುವ ಗುಂಡುಗಳನ್ನು ಎರಕ ಹೊಯ್ಯುವ ಕೆಲಸ. ಲೋಹ ಎಲ್ಲಿಯದೆಂದು ಕೇಳಿದೆ. ಮಾರುಕಟ್ಟೆ ಕಡೆ ಕೈ ತೋರಿಸಿದ. ಯುದ್ಧದ ಕಾಲದಲ್ಲಿ ಅದು ಸೇನೆಯ ಬಿಡಾರವಂತೆ. ಕೆಟ್ಟ ಲಾರಿ, ಜೀಪುಗಳ ರಾಶಿಯನ್ನು ಅಲ್ಲೇ ಬಿಟ್ಟು ಹೋಗಿದ್ದರು. ಒಲೆಯ ಪಕ್ಕದಲ್ಲಿ ಒಡೆದ ಕಪ್ಪು ಪೆಟ್ಟಿಗೆಗಳಿದ್ದವು, ಅವುಗಳೊಳಗಿನದು ಸುರಿದು ಮರಳು ಒದ್ದೆಯಾಗಿತ್ತು.

ಆ ಸಂಜೆ ಅನ್ವರ್‌ಗೆ ಫೋನ್ ಮಾಡಿದಾಗ ಮನಸ್ಸು ಹಗುರಾಗಲೆಂದು ಇದನ್ನೆಲ್ಲ ಹೇಳಿಕೊಂಡೆ. ಅವರು ಪೂರ್ತಿ ಕೇಳಲೂ ಇಲ್ಲ.

"ಲಾರಿ ಬ್ಯಾಟ್ರಿ ಒಡೀತಿದಾರೆ ಕಣೆ. ಒಳಗಿರೋದು ಸೀಸ. ಆ್ಯಸಿಡ್ ಎಲ್ಲಿ ಚೆಲ್ತಾರೆ?"

"ನೆಲಕ್ಕೆ."

"ಮರಳು ನೆಲಾನಾ?"

"ಹೂಂ."

"ಮತ್ತಿನ್ನೇನು? ನಮ್ಮ ಅಂಗ್ಡಿ ಹಿಂದೆ ಒಂದು ಬಕೆಟ್ ಚೆಲ್ಲಿದ ಜಾಗದಲ್ಲಿ ಇವತ್ತಿಗೂ ಹುಲ್ಲು ಹುಟ್ಟಿಲ್ಲ. ನಿನ್ನ ಪಟ್ಟಿ ಸರಿಯಾಗೇ ಇತ್ತು ಫರೀದಾ."

ನನ್ನ ಪಟ್ಟಿ ಸರಿಯಾಗೇ ಇತ್ತು. ಆ್ಯಸಿಡ್ ಮರಳಿನಲ್ಲಿ ಇಂಗಿ ನೀರನ್ನು ಹುಳಿ ಮಾಡಿತ್ತು. ಹುಳಿ ನೀರು ಸೀಸವನ್ನು ಕರಗಿಸಿಕೊಂಡಿತ್ತು. ನೀರಿನಲ್ಲಿ ಕರಗಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಸಲಕರಣೆ ಅದನ್ನು ನೋಡುವಂಥದ್ದಾಗಿರಲಿಲ್ಲ, ನಾನೂ ಕೇಳಿರಲಿಲ್ಲ.

ಮರುದಿನ ಪಂಪಿನ ನೀರನ್ನು ಜೋಡಿ ಬಾಟಲಿಗಳಲ್ಲಿ ತುಂಬಿ ಮೊಹರು ಹಾಕಿದೆ. ಹಿತ್ತಲುಗಳ ಮಣ್ಣು ತೆಗೆದೆ. ಮರಿಯಾಮಾ ಮಕ್ಕಳ ರಕ್ತದ ಮಾದರಿ ತೆಗೆದಳು, ವಾರ್ಡಿನಲ್ಲಿ ಆ ನೀರು ಕೊಡುವುದನ್ನು ನಿಲ್ಲಿಸಿದಳು. ಒಂದೊಂದು ಬಾಟಲಿಯನ್ನು ನನ್ನ ಬಳಿ ಉಳಿಸಿಕೊಂಡು ಮಿಕ್ಕಿದ್ದನ್ನು ನೆರೆದೇಶದ ಪ್ರಯೋಗಾಲಯಕ್ಕೆ ಕಳಿಸಿದೆವು. ಮೂರನೇ ವಾರ ಉತ್ತರ ಬಂತು. ನೀರಿನಲ್ಲಿ ಇರಬಾರದಷ್ಟು ಸೀಸ. ಮಣ್ಣಿನಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮಕ್ಕಳ ರಕ್ತದಲ್ಲೂ ಅದೇ.

ನಮ್ಮ ಸಂಸ್ಥೆಯ ಮುಖ್ಯಸ್ಥರ ಮುಂದೆ ಕಾಗದ ಇಟ್ಟೆ. ಓದಿ ನಿಟ್ಟುಸಿರು ಬಿಟ್ಟರು. "ಚುನಾವಣೆ ಹತ್ತಿರ ಇದೆ. ಈಗ ಇದನ್ನ ಎತ್ತಿದರೆ ನಮ್ಮನ್ನೇ ಹೊರಗೆ ಹಾಕ್ತಾರೆ. ಆಗ ಇರೋ ಕೆಲಸಾನೂ ನಿಲ್ಲುತ್ತೆ. ಆಮೇಲೆ ನೋಡೋಣ ಫರೀದಾ."

ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಆ 'ಆಮೇಲೆ'ಯ ಕೆಳಗೆ ನನ್ನ ಸಹಿ ಇತ್ತು. ಆ ದಿನವೇ ಒಂದು ಪತ್ರ ಬರೆದೆ. ಆ ವರದಿ ತಪ್ಪು, ಬರೆದವಳು ನಾನು, ಹಿಂತೆಗೆದುಕೊಳ್ಳುತ್ತಿದ್ದೇನೆ, ಆ ನೀರು ಕುಡಿಯಲು ಯೋಗ್ಯವಲ್ಲ. ಒಂದು ಪ್ರತಿ ಮಂತ್ರಿಯ ಕಚೇರಿಗೆ, ಒಂದು ಜಿಲ್ಲಾ ಕಚೇರಿಗೆ. ಮೂರನೆಯದನ್ನು ಮರಿಯಾಮಾಳ ಕೈಗೆ ಕೊಟ್ಟೆ. ಅವಳು ಅದನ್ನು ಅಲ್ಲಿಯ ಭಾಷೆಗೆ ಮಾಡಿ ಆರೋಗ್ಯ ಕೇಂದ್ರದ ಬಾಗಿಲಿಗೆ ಅಂಟಿಸಿದಳು. ಆಮೇಲೆ ಕಾದಿಯನ್ನೂ ಇನ್ನೂ ನಾಲ್ಕಾರು ಹೆಂಗಸರನ್ನೂ ಕರೆದುಕೊಂಡು, ಸ್ಪ್ಯಾನರ್ ಹಿಡಿದು ಹೋಗಿ ಪಂಪಿನ ಹಿಡಿಯನ್ನೇ ಬಿಚ್ಚಿಟ್ಟಳು. ಹೆಂಗಸರು ಗುಡ್ಡದ ಹಳೆಯ ಬಾವಿಗೆ ನಡೆಯತೊಡಗಿದರು. ಹೋಗಿ ಬರಲು ಒಂದು ತಾಸು.

ಬಕಾರಿ ಮತ್ತು ಅವನ ಜೊತೆಯವರು ಸಿಟ್ಟಿನಿಂದ ಬಂದರು. "ಯುದ್ಧ ಇದ್ದಾಗ ನಮ್ಮ ಕೈಗೆ ಬಂದೂಕು ಕೊಟ್ಟರು. ಶಾಂತಿ ಬಂದಾಗ ಏನೂ ಕೊಡಲಿಲ್ಲ. ಈ ಕೆಲಸ ನಾವೇ ಹುಡುಕ್ಕೊಂಡಿದ್ದು. ಇದನ್ನೂ ಕಿತ್ಕೋತೀಯಾ?" ಎಂದು ಬಕಾರಿ ಕೂಗಿದ. ಮರಿಯಾಮಾ ಅವನ ಮಗಳ ರಕ್ತದ ಕಾಗದವನ್ನು ತೋರಿಸಿ, ಒಂದೊಂದೇ ಸಾಲು ಓದಿ ಹೇಳಿದಳು. ಅವನು ತನ್ನ ಅಂಗೈ ನೋಡಿಕೊಂಡ. "ನಾನು ಮನೆಗೆ ಬಂದ ತಕ್ಷಣ ಅವಳನ್ನ ಎತ್ಕೋತಿದ್ದೆ" ಎಂದ. ಮಾರನೆಯ ಬೆಳಿಗ್ಗೆ ಕಾದಿ ಬಂದು, ಅವನು ಒಲೆಯನ್ನು ಒಡೆದು ಹಾಕಿದನೆಂದು ತಿಳಿಸಿದಳು.

ಹಿಡಿಯಿಲ್ಲದ ಪಂಪನ್ನು ಉದ್ಘಾಟಿಸಲು ಆಗುವುದಿಲ್ಲವಲ್ಲ. ವಾರದೊಳಗೆ ಜಿಲ್ಲಾ ಕಚೇರಿಯಲ್ಲಿ ಸಭೆ ಕರೆದರು. ಮಂತ್ರಿ, ಅವರ ಪಕ್ಕದಲ್ಲಿ ನೀರಿನ ಇಲಾಖೆಯ ನಿರ್ದೇಶಕ ಡೇನಿಯಲ್, ನಮ್ಮ ಮುಖ್ಯಸ್ಥರು, ನಾನು. ಮರಿಯಾಮಾಳಿಗೆ ಕರೆಯಿರಲಿಲ್ಲ. ಬಂದು ಬಾಗಿಲ ಬಳಿ ನಿಂತಿದ್ದಳು.

ಮಂತ್ರಿ ನನ್ನ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡಿದ್ದರು. "ಮೊದಲನೆಯದು ತಪ್ಪು ಅಂತ ನೀವೇ ಹೇಳ್ತೀರಿ. ಹಾಗಾದರೆ ಎರಡನೆಯದು ಸರಿ ಅಂತ ನಾನು ಯಾಕೆ ನಂಬಬೇಕು?"

ನ್ಯಾಯವಾದ ಪ್ರಶ್ನೆ. ಮೊಹರು ಹಾಕಿದ ಬಾಟಲಿಯನ್ನು ಮೇಜಿನ ಮೇಲಿಟ್ಟೆ. "ಮೊದಲನೆಯದನ್ನ ನಾನು ನೋಡದೆ ಬರೆದೆ, ಸರ್. ಎರಡನೆಯದನ್ನ ನೋಡಿ ಬರೆದಿದ್ದೀನಿ. ಪರೀಕ್ಷೆಗೆ ಕಳಿಸಿದ್ದನ್ನ ತುಂಬಿದ ದಿನವೇ, ಅದೇ ಪಂಪಿನಿಂದ ತುಂಬಿದ ನೀರು ಇದು. ನನ್ನನ್ನ ನಂಬಬೇಡಿ. ನಿಮಗೆ ಬೇಕಾದವರಿಂದ ಪರೀಕ್ಷೆ ಮಾಡಿಸಿ."

ಮಂತ್ರಿ ಬಾಟಲಿಯನ್ನು ಮುಟ್ಟಲಿಲ್ಲ. ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು.

"ಈ ಜನ ಎಷ್ಟು ವರ್ಷ ಗುಂಡಿಗೆ ಸತ್ತರು ಗೊತ್ತಾ ನಿಮಗೆ? ಈಗ ಶಾಂತಿ ಬಂದಿದೆ. ಶಾಂತಿಯಲ್ಲೂ ಮಕ್ಕಳು ಸಾಯ್ತಾರೆ ಅಂತ ಅವರಿಗೆ ನಾನು ಹೇಳಬೇಕಾ?"

ಬಾಗಿಲಿನಿಂದ ಮರಿಯಾಮಾ ಹೇಳಿದಳು: "ನೀವು ಹೇಳೋದು ಬೇಡ, ಸರ್. ಅದನ್ನ ತಾಯಂದಿರಿಗೆ ದಿನಾ ನಾನೇ ಹೇಳ್ತಿದ್ದೀನಿ. ನೀವು ಗುಡ್ಡದಿಂದ ಒಂದು ಪೈಪ್ ಹಾಕಿಸಿ, ಸಾಕು."

'ತಾಂತ್ರಿಕ ಕಾರಣಗಳಿಂದ' ಉದ್ಘಾಟನೆ ಮುಂದಕ್ಕೆ ಹೋಯಿತೆಂದು ಪ್ರಕಟಣೆ ಬಂತು. ಸೀಸ ಎಂಬ ಶಬ್ದ ಅದರಲ್ಲಿ ಎಲ್ಲೂ ಇರಲಿಲ್ಲ. ಆದರೆ ಚುನಾವಣೆಗೆ ಮೊದಲೇ ಗುಡ್ಡದಿಂದ ಪೈಪು ಬಂತು, ಹಳೆಯ ಬೋರ್‌ವೆಲ್ಲಿನ ಬಾಯಿಗೆ ಕಾಂಕ್ರೀಟ್ ಬಿತ್ತು. ಶಾಲೆಯ ಅಂಗಳದ ಮೇಲ್ಮಣ್ಣು ಕೆರೆದು ಜೇಡಿ ಹೊದಿಸಿದರು. ಮಾರುಕಟ್ಟೆಯ ಹಿಂದಿನ ಜಾಗವನ್ನು ಹಾಗೇ ಬಿಟ್ಟರು. ಎಷ್ಟು ಕೇಳಿದರೂ ಅದು 'ಆಮೇಲೆ'ಯೇ ಆಯಿತು. ಬ್ಯಾಟರಿ ಒಡೆಯುವವರು ಊರಾಚೆಯ ಬೋಳು ದಿಣ್ಣೆಗೆ ಹೋದರು. ಬಕಾರಿ ಅವರ ಜೊತೆ ಹೋಗಲಿಲ್ಲ, ದೋಣಿಗೆ ಸೇರಿಕೊಂಡ. ಹವಾಳ ಫಿಟ್ಸ್ ನಿಂತಿತು. ಮಾತು ಮಾತ್ರ ತಡವಾಗಿ, ತಡೆತಡೆದು ಬಂತು. ವಾರ್ಡಿನಲ್ಲಿದ್ದ ಇನ್ನೊಂದು ಮಗು ಉಳಿಯಲಿಲ್ಲ. ಆ ಎರಡು ತಿಂಗಳು ನನ್ನ ಕಾಗದ ಅಡ್ಡ ಬರದಿದ್ದರೆ ಅದು ಬದುಕುತ್ತಿತ್ತೋ ಏನೋ ಗೊತ್ತಿಲ್ಲ. ಹೆಮ್ಮೆಯ ಕತೆ ಹೇಳುವಾಗ ಇದನ್ನು ನಾನು ಬಿಡುವುದಿಲ್ಲ, ನೀವೂ ಬಿಡಬೇಡಿ.

ನನ್ನ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊರಡುವ ಹಿಂದಿನ ದಿನ ಮಂತ್ರಿಯ ಕಚೇರಿಗೆ ಕಾಗದಪತ್ರ ಒಪ್ಪಿಸಲು ಹೋಗಿದ್ದೆ. ನಿರ್ದೇಶಕ ಡೇನಿಯಲ್ ತಮ್ಮ ಕೋಣೆಗೆ ಕರೆದರು. ಸಭೆಯಲ್ಲಿ ಒಂದು ಮಾತೂ ಆಡದ ಮನುಷ್ಯ. ಬಾಗಿಲು ಹಾಕಿ ಒಂದು ಹಾಳೆಯನ್ನು ನನ್ನ ಕಡೆ ಸರಿಸಿದರು. ಇಡೀ ದೇಶದಲ್ಲಿ ಹೊಸ ಬೋರ್‌ವೆಲ್ ಕೊರೆದಾಗ ತುಂಬಬೇಕಾದ ಫಾರಂ. ಊರು, ಆಳ, ಪಂಪಿನ ಕಂಪನಿ, ರೋಗಾಣು ಇಷ್ಟಕ್ಕೇ ಕಾಲಂ ಇದ್ದವು.

"ಮುಂದಿನ ವಾರ ಇದು ಹೊಸದಾಗಿ ಅಚ್ಚಾಗುತ್ತೆ" ಎಂದರು. "ಸೀಸದ ಕಾಲಂ ಎಲ್ಲಿ ಬರಬೇಕು, ಹೇಗೆ ಬರೀಬೇಕು, ಹೇಳಿ."

ನನಗೆ ಅಚ್ಚರಿಯಾಯಿತು. "ಮಂತ್ರಿಗಳು ಒಪ್ಪಿದ್ರಾ?"

"ಅವರು ಸಹಿ ಹಾಕ್ತಾರೆ."

"ಓದಿ ನೋಡಿ ಬೇಡ ಅಂದ್ರೆ?"

ಡೇನಿಯಲ್ ಮೊದಲ ಸಲ ನಕ್ಕರು. "ಅಮ್ಮಾ, ನೀರಿನ ಫಾರಂ ಓದೋ ಮಂತ್ರಿ ಇದ್ದಿದ್ರೆ ನಿಮಗೆ ಇಷ್ಟು ಕಷ್ಟ ಆಗ್ತಿತ್ತಾ?"

ಪೆನ್ನು ತೆಗೆದು, ರೋಗಾಣುವಿನ ಕಾಲಂ ಪಕ್ಕದಲ್ಲಿ ಗೆರೆ ಎಳೆದೆ. ಹುಳಿಗೆ ಒಂದು ಮನೆ, ಸೀಸಕ್ಕೆ ಒಂದು ಮನೆ. ಕೆಳಗೆ ಒಂದು ಸಾಲು: ಈ ಎರಡು ಮನೆ ಖಾಲಿಯಿದ್ದರೆ 'ಯೋಗ್ಯ' ಎಂದು ಬರೆಯುವಂತಿಲ್ಲ. ಡೇನಿಯಲ್ ಅದನ್ನು ಎರಡು ಸಲ ಓದಿ, ಸಹಿಗೆ ಹೋಗುವ ಕಡತದ ನಟ್ಟನಡುವೆ ಸೇರಿಸಿದರು.

ಶಿವಮೊಗ್ಗಕ್ಕೆ ಬಂದ ಮೇಲೆ ಇಲ್ಲಿಯ ಲ್ಯಾಬುಗಳಲ್ಲಿ ಇನ್ನೂ ಹಲವು ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಈ ಯುಗಾದಿಯ ಹೊತ್ತಿಗೆ ಮರಿಯಾಮಾ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ಯಾವುದೋ ಒಳನಾಡಿನ ಊರಿನ, ಯಾರೋ ತುಂಬಿದ ಫಾರಂ. ಅಕ್ಷರ ನನಗೆ ಪರಿಚಯದ್ದಲ್ಲ. ಬರೆದವರಿಗೂ ನಾನು ಯಾರೆಂದು ಗೊತ್ತಿರಲಿಕ್ಕಿಲ್ಲ. ಸೀಸದ ಮನೆಯಲ್ಲಿ ನೀಲಿ ಶಾಯಿಯಿಂದ ಒಂದು ಅಂಕಿ ಬರೆದಿತ್ತು, ಕೆಳಗೆ 'ಯೋಗ್ಯವಲ್ಲ' ಎಂದಿತ್ತು, ಅದರ ಕೆಳಗೆ ಒಂದು ಸಹಿ. ಫೋಟೊವನ್ನು ದೊಡ್ಡದು ಮಾಡಿ ಅನ್ವರ್‌ಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ನೋಡಿ ಬರೆದಿದಾರೆ" ಎಂದರು.